ನಮ್ಮ ಚಿಕ್ಕಪ್ಪ ಬೈಕು ಆರಿಸಿದ ಕಥೆ

ಪ್ರೀತಿಯ ಗೆಳೆಯ ಗೆಳತಿಯರೇ, ಗಣರಾಜ್ಯೋತ್ಸವದ ಗೋಡೆ ಪತ್ರಿಕೆಗೆ ‘ನಾನು ಕಂಡದ್ದು, ಕಲಿತದ್ದು’ ಎಂಬ ವಿಷಯದ ಮೇಲೆ ಬರೆಯಿರಿ ಎಂದು ಮೇಷ್ಟ್ರು ಹೇಳಿದರು. ನೀವೆಲ್ಲ ಪ್ರವಾಸ, ಜಾತ್ರೆ, ಸುಗ್ಗಿ ಅಂತ ಬರೆದಿದ್ದೀರಿ. ನಾನು ಬೈಕಿನ ಬಗ್ಗೆ ಬರೆಯುತ್ತೇನೆ. ದಯವಿಟ್ಟು ನಗಬೇಡಿ. ಇದರಲ್ಲಿ ನಾನು ನಿಮಗೆ ಹೇಳಿದ ಒಂದು ಸುಳ್ಳೂ ಇದೆ. ಅದನ್ನು ಒಪ್ಪಿಕೊಳ್ಳುವುದಕ್ಕೇ ಈ ಲೇಖನ ಬರೆಯುತ್ತಿದ್ದೇನೆ.

ನಮ್ಮ ಚಿಕ್ಕಪ್ಪ ಬೊಮ್ಮಸಂದ್ರದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಮೆಷಿನ್ ಆಪರೇಟರ್. ಒಂದು ವಾರ ಹಗಲು ಶಿಫ್ಟು, ಒಂದು ವಾರ ರಾತ್ರಿ ಶಿಫ್ಟು. ಅವನ ಎತ್ತರ ಐದಡಿ ನಾಲ್ಕಿಂಚು. ಆಸೆ ಮಾತ್ರ ಬೆಟ್ಟದಷ್ಟು. ಅವನಿಗೆ ಬೈಕಿನಲ್ಲಿ ಲಡಾಖಿಗೆ ಹೋಗಬೇಕು.

ನಮ್ಮೂರಿನಿಂದ ಚಂದಾಪುರಕ್ಕೆ ಹೋದರೆ ಸಿಗುವ ಹೊಸೂರು ರಸ್ತೆಯನ್ನು ನೀವೆಲ್ಲ ನೋಡಿದ್ದೀರಿ. ಅದು 44ನೇ ರಾಷ್ಟ್ರೀಯ ಹೆದ್ದಾರಿ. ನಮ್ಮ ದೇಶದ ಅತಿ ಉದ್ದದ ಹೆದ್ದಾರಿ. ಒಂದು ತುದಿ ಶ್ರೀನಗರ, ಇನ್ನೊಂದು ತುದಿ ಕನ್ಯಾಕುಮಾರಿ. ಚಿಕ್ಕಪ್ಪ ನನ್ನ ಅಟ್ಲಾಸಿನ ಮೇಲೆ ಬೆರಳಿಟ್ಟು ಹೇಳ್ತಿದ್ದ, “ನೋಡು ಪುಟ್ಟಿ, ದಿನಾ ಇದೇ ರೋಡಲ್ಲಿ ಹೋಗಿ ಫ್ಯಾಕ್ಟರಿ ಕಡೆ ತಿರುಗ್ಸ್ತೀನಿ. ಒಂದಿನ ತಿರುಗಿಸ್ದಂಗೆ ಹೋಗ್ತಾನೇ ಇದ್ರೆ ಕಾಶ್ಮೀರ ಸಿಗ್ತೈತೆ.” ಅಲ್ಲಿಂದ ಮುಂದೆ ಲೇಹ್, ಆಮೇಲೆ ಖಾರ್ದುಂಗ್ ಲಾ ಎಂಬ ಕಣಿವೆದಾರಿ. ಅದರ ಎತ್ತರ 5,359 ಮೀಟರ್. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಭಾಗಿಸಿ ನೋಡಿದೆ. ಸುಮಾರು ಎರಡೂಮುಕ್ಕಾಲು ಪಟ್ಟು!

ಈ ಆಸೆಗಾಗಿ ಚಿಕ್ಕಪ್ಪ ಮೂರು ವರ್ಷ ಚೀಟಿ ಕಟ್ಟಿದ. ಹೋದ ವರ್ಷ ಗೌರಿ ಹಬ್ಬದ ಹೊತ್ತಿಗೆ ಎರಡು ಲಕ್ಷ ರೂಪಾಯಿ ಕೈಗೆ ಬಂತು. ಆದರೆ ಅಮ್ಮ ಒಪ್ಪಲಿಲ್ಲ. “ಇನ್ನೊಂದು ಗಾಡಿ ಈ ಮನೆ ಬಾಗ್ಲಿಗೆ ಬರಂಗಿಲ್ಲ” ಅಂದಳು. ಅದಕ್ಕೆ ಕಾರಣ ಇದೆ.

ನಾಲ್ಕು ವರ್ಷದ ಹಿಂದೆ ನಮ್ಮಪ್ಪ ಸೆಕೆಂಡ್ ಶಿಫ್ಟು ಮುಗಿಸಿಕೊಂಡು ರಾತ್ರಿ ಬೈಕಿನಲ್ಲಿ ಬರುತ್ತಿದ್ದರು. ಮಳೆ ಬರುತ್ತಿತ್ತು. ನೀರು ತುಂಬಿದ ಗುಂಡಿ ಕಾಣದೆ ಬಿದ್ದುಬಿಟ್ಟರು. ಬೈಕು ಅವರ ಕಾಲಿನ ಮೇಲೆ ಬಿತ್ತು. ಅದನ್ನು ಎತ್ತಲು ಆಗಲಿಲ್ಲ. ಹಾಲಿನ ವ್ಯಾನಿನವರು ಬಂದು ಎತ್ತುವವರೆಗೂ ಮಳೆಯಲ್ಲೇ ಮಲಗಿದ್ದರು. ಈಗ ಅವರ ಬಲಗಾಲಿನಲ್ಲಿ ರಾಡು ಇದೆ. ಫ್ಯಾಕ್ಟರಿ ಕೆಲಸ ಬಿಟ್ಟು ಮನೆ ಮುಂದೆ ಚಿಲ್ಲರೆ ಅಂಗಡಿ ಇಟ್ಟಿದ್ದಾರೆ. ಆಮೇಲೆ ಒಂದು ದಿನವೂ ಅವರು ಬೈಕು ಹತ್ತಿರಲಿಲ್ಲ. ಅಮ್ಮನಿಗೆ ಬೈಕಿನ ಶಬ್ದ ಕೇಳಿದರೇ ಆಗುವುದಿಲ್ಲ.

ತಾತ ಮಾತ್ರ ಚಿಕ್ಕಪ್ಪನ ಕಡೆ. ತಾತನ ಹತ್ತಿರ ಹಿಂದೆ ಯೆಜ್ಡಿ ಬೈಕು ಇತ್ತಂತೆ. ಅದು ನಮ್ಮ ಮೈಸೂರಿನಲ್ಲೇ ತಯಾರಾಗುತ್ತಿದ್ದ ಬೈಕು. ಐಡಿಯಲ್ ಜಾವಾ ಎಂಬ ಕಾರ್ಖಾನೆಯಲ್ಲಿ ಮೊದಲು ಜಾವಾ, ಆಮೇಲೆ ಯೆಜ್ಡಿ ಮಾಡುತ್ತಿದ್ದರು. 1996ರಲ್ಲಿ ಆ ಕಾರ್ಖಾನೆ ಮುಚ್ಚಿಹೋಯಿತು. ತಾತ ಅದರಲ್ಲೇ ಅಜ್ಜಿಯನ್ನು ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೋಗಿ ಬಂದಿದ್ದರು. ನಾನು “ತಾತ, ಅದು ಅಡ್ವೆಂಚರ್ ಬೈಕಾ?” ಅಂತ ಕೇಳಿದೆ. ತಾತ ನಕ್ಕು, “ಅವಾಗ ರೋಡೇ ಇರ್ಲಿಲ್ಲ ಮಗಾ, ಎಲ್ಲಾ ಗಾಡೀನೂ ಅಡ್ವೆಂಚರ್ರೇ” ಅಂದರು.

ಅಡ್ವೆಂಚರ್ ಬೈಕು ಅಂದರೆ ಏನು ಎಂದು ಕೆಲವರಿಗೆ ಗೊತ್ತಿಲ್ಲದಿರಬಹುದು. ಡಾಂಬರು ರಸ್ತೆಯಲ್ಲಿ ದಿನಗಟ್ಟಲೆ ಓಡಿಸಲು ಆಗಬೇಕು. ಡಾಂಬರು ಮುಗಿದ ಮೇಲೆ ಕಲ್ಲು, ಮಣ್ಣು, ಹಳ್ಳದಲ್ಲೂ ಹೋಗಬೇಕು. ಅಂಥ ಬೈಕು ಅದು. ಹ್ಯಾಂಡಲ್ ಎತ್ತರ, ಅಗಲ. ಎದ್ದು ನಿಂತುಕೊಂಡು ಓಡಿಸಬಹುದು. ಮುಂದಿನ ಚಕ್ರ ದೊಡ್ಡದು. ಹೊಟ್ಟೆಯ ಕೆಳಗೆ ಇಂಜಿನ್‌ಗೆ ಕಲ್ಲು ಬಡಿಯದಂತೆ ತಗಡಿನ ಕವಚ ಇರುತ್ತದೆ.

ದಸರಾ ರಜೆಯಲ್ಲಿ ಚಿಕ್ಕಪ್ಪ ಮತ್ತು ನಾನು ಒಂದು ಹಳೇ ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿದೆವು. ಚಿಕ್ಕಪ್ಪ ಫೋನ್ ನೋಡಿ ಹೇಳುತ್ತಿದ್ದ, ನಾನು ಬರೆಯುತ್ತಿದ್ದೆ. ಕೊನೆಗೆ ಎರಡು ಬೈಕು ಉಳಿದವು.

ಮೊದಲನೆಯದು: ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450. 2023ರಲ್ಲಿ ಬಂದದ್ದು. ಇಂಜಿನ್ 452 ಸಿಸಿ. ಟ್ಯಾಂಕು 17 ಲೀಟರ್. ಸೀಟಿನ ಎತ್ತರ 825 ಮಿಲಿಮೀಟರ್. ತೂಕ 196 ಕೆ.ಜಿ.

ಎರಡನೆಯದು: ಹೀರೊ ಎಕ್ಸ್‌ಪಲ್ಸ್ 200 4ವಿ. 2021ರಲ್ಲಿ ಬಂದದ್ದು. ಇಂಜಿನ್ 199.6 ಸಿಸಿ. ಟ್ಯಾಂಕು 13 ಲೀಟರ್. ಸೀಟಿನ ಎತ್ತರ 825 ಮಿಲಿಮೀಟರ್. ತೂಕ 159 ಕೆ.ಜಿ. ಇದನ್ನು ಸೆಕೆಂಡ್ ಹ್ಯಾಂಡ್ ತಗೋಬೇಕು ಅಂತ ಲೆಕ್ಕ.

ಅಕ್ಟೋಬರ್‌ನಲ್ಲಿ ಹೊಸೂರಿನ ಟಿವಿಎಸ್ ಕಂಪನಿಯವರು ಅಪಾಚೆ ಆರ್‌ಟಿಎಕ್ಸ್ 300 ಎಂಬ ಬೈಕು ಬಿಟ್ಟರು. ನಮ್ಮೂರಿನಿಂದ ಹೊಸೂರಿಗೆ ಕೆಲಸಕ್ಕೆ ಹೋಗುವವರು ಅದನ್ನೇ ತಗೋ ಅಂದರು. ಚಿಕ್ಕಪ್ಪ ನೋಡಿಕೊಂಡು ಬಂದ. ಅದರ ಮುಂದಿನ ಚಕ್ರ 19 ಇಂಚು. ಉಳಿದ ಎರಡಕ್ಕೂ 21 ಇಂಚು. “ದೂರದ ಊರಿಗೆ ಚೆನ್ನಾಗೈತೆ. ಆದ್ರೆ ನನಗೆ ಕಲ್ಲುದಾರಿಗೆ 21 ಇಂಚಿಂದೇ ಬೇಕು” ಅಂದ.

ಎರಡು ಇಂಚಿನಿಂದ ಏನಾಗುತ್ತದೆ ಎಂದು ನಾನೇ ಒಂದು ಪ್ರಯೋಗ ಮಾಡಿದೆ. ಪಂಕ್ಚರ್ ಅಂಗಡಿಯಿಂದ ಒಂದು ಹಳೇ ಸೈಕಲ್ ಚಕ್ರ, ಒಂದು ಸ್ಕೂಟರಿನ ಹಳೇ ಟೈರು ತಂದು ನಮ್ಮ ಮನೆ ಮುಂದಿನ ಸಣ್ಣ ಕಾಲುವೆಯ ಮೇಲೆ ಉರುಳಿಸಿದೆ. ಸ್ಕೂಟರ್ ಟೈರು ಕಾಲುವೆಯೊಳಗೆ ಬಿದ್ದು ನಿಂತಿತು. ಸೈಕಲ್ ಚಕ್ರ ಕುಲುಕಿಕೊಂಡು ದಾಟಿಹೋಯಿತು. ದೊಡ್ಡ ಚಕ್ರ ಗುಂಡಿಯೊಳಗೆ ಪೂರ್ತಿ ಇಳಿಯುವುದಿಲ್ಲ, ಅಡ್ಡ ಬಂದ ಕಲ್ಲನ್ನು ಸುಲಭವಾಗಿ ಹತ್ತುತ್ತದೆ. ವಿಜ್ಞಾನದ ಮಿಸ್ ಇದನ್ನು ನೋಡಿದ್ದರೆ ಸಂತೋಷಪಡುತ್ತಿದ್ದರು.

ನೆಲಕ್ಕೂ ಬೈಕಿನ ಹೊಟ್ಟೆಗೂ ನಡುವಿನ ಜಾಗಕ್ಕೆ ಗ್ರೌಂಡ್ ಕ್ಲಿಯರೆನ್ಸ್ ಎನ್ನುತ್ತಾರೆ. ಎಕ್ಸ್‌ಪಲ್ಸ್‌ಗೆ 22 ಸೆಂಟಿಮೀಟರ್, ಹಿಮಾಲಯನ್‌ಗೆ 23. ನಮ್ಮ ಜ್ಯಾಮಿತಿ ಪೆಟ್ಟಿಗೆಯ ಸ್ಕೇಲು 15 ಸೆಂಟಿಮೀಟರ್. ಅದನ್ನು ನೆಟ್ಟಗೆ ನಿಲ್ಲಿಸಿದರೂ ಮೇಲೆ ಜಾಗ ಉಳಿಯುತ್ತದೆ.

ಎಬಿಎಸ್ ಎಂಬುದು ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಸಿಕ್ಕಿಹಾಕಿಕೊಂಡು ಜಾರದಂತೆ ಬ್ರೇಕನ್ನು ಹಿಡಿದು ಬಿಟ್ಟು ಮಾಡುತ್ತದೆ. ಡಾಂಬರಿನಲ್ಲಿ ಅದು ಪ್ರಾಣ ಉಳಿಸುತ್ತದೆ. ಸಡಿಲ ಮಣ್ಣಿನಲ್ಲಿ ಅದೇ ಬ್ರೇಕನ್ನು ಬಿಡುತ್ತಾ ಹೋದರೆ ಬೈಕು ನಿಲ್ಲುವುದೇ ತಡವಾಗುತ್ತದೆ. ಅದಕ್ಕೇ ಹಿಮಾಲಯನ್ 450ರಲ್ಲಿ ಹಿಂದಿನ ಚಕ್ರದ ಎಬಿಎಸ್ ಆಫ್ ಮಾಡಬಹುದು.

ಪೆಟ್ರೋಲಿನದೂ ಒಂದು ಲೆಕ್ಕ. ಮನಾಲಿಯಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ ತಾಂಡಿ ಎಂಬ ಊರಿದೆ. ಮುಂದಿನ ಪೆಟ್ರೋಲ್ ಬಂಕು 365 ಕಿಲೋಮೀಟರ್ ಎಂದು ಅಲ್ಲಿ ಹಾಕಿದ್ದ ಬೋರ್ಡು ಬೈಕಿನವರಿಗೆಲ್ಲ ಗೊತ್ತು. ಎಕ್ಸ್‌ಪಲ್ಸ್ ಲೀಟರಿಗೆ 35 ಕೊಡುತ್ತದೆ ಎಂದು ಹಿಡಿದರೆ 13 × 35 = 455 ಕಿಲೋಮೀಟರ್. ಹಿಮಾಲಯನ್ 28 ಕೊಟ್ಟರೆ 17 × 28 = 476. ಟ್ಯಾಂಕು ಚಿಕ್ಕದಾದರೂ ಹೆಚ್ಚು ಕಡಿಮೆ ಒಂದೇ ದೂರ!

ಇಷ್ಟೆಲ್ಲ ಬರೆದ ಮೇಲೂ ನನ್ನ ಮನಸ್ಸು 450ರ ಮೇಲೇ ಇತ್ತು. ಅದು ದೊಡ್ಡದು, ನೋಡಲು ಚೆಂದ, ಹೊಸದು. ಚಿಕ್ಕಪ್ಪನಿಗೂ ಅದೇ ಆಸೆ. ದುಡ್ಡು ಮಾತ್ರ ಸಾಲುತ್ತಿರಲಿಲ್ಲ. ರಸ್ತೆ ತೆರಿಗೆ, ವಿಮೆ ಎಲ್ಲ ಸೇರಿದರೆ ಮೂರು ಲಕ್ಷ ದಾಟುತ್ತದೆ. ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳಿಗೆ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡ ಬೈಕುಗಳಿಗೆ ಶೇ. 40 ಆಯಿತು. ಆದರೂ ಚಿಕ್ಕಪ್ಪ “ಸಾಲ ಮಾಡಿದ್ರಾಯ್ತು” ಅಂತಿದ್ದ.

ಈಗ ನನ್ನ ಸುಳ್ಳಿನ ಸಂಗತಿ. ಒಂದು ದಿನ ಊಟದ ಬಿಡುವಿನಲ್ಲಿ ನಮ್ಮ ತರಗತಿಯ ಹುಡುಗರು ಬೈಕುಗಳ ಬಗ್ಗೆ ಮಾತಾಡುತ್ತಿದ್ದರು. ನಾನು ನಡುವೆ ಮಾತಾಡಿದೆ. “ಹುಡ್ಗೀರಿಗೆ ಬೈಕಿನ್ ವಿಷ್ಯ ಏನ್ ಗೊತ್ತು?” ಎಂದು ನಕ್ಕರು. ನನಗೆ ಸಿಟ್ಟು ಬಂತು. “ನಮ್ ಚಿಕ್ಕಪ್ಪ ಫೋರ್ ಫಿಫ್ಟಿ ಬುಕ್ ಮಾಡವ್ನೆ, ರಾಜ್ಯೋತ್ಸವದ ದಿನ ಶಾಲೆ ಹತ್ರ ತತ್ತಾನೆ” ಅಂದುಬಿಟ್ಟೆ. ಬುಕ್ ಮಾಡಿರಲಿಲ್ಲ. ಅಮ್ಮ ಇನ್ನೂ ಒಪ್ಪಿಗೆಯನ್ನೇ ಕೊಟ್ಟಿರಲಿಲ್ಲ. ನವೆಂಬರ್ 1 ಬಂತು, ಹೋಯಿತು. ಬೈಕು ಬರಲಿಲ್ಲ. ಆವತ್ತಿನಿಂದ ನನಗೆ ‘ಫೋರ್ ಫಿಫ್ಟಿ’ ಎಂದೇ ಹೆಸರಾಯಿತು. ಮನೆಗೆ ಬಂದು ಚಿಕ್ಕಪ್ಪನಿಗೆ “ಅದನ್ನೇ ತಗೋ, ಬೇಗ ತಗೋ” ಎಂದು ಪೀಡಿಸತೊಡಗಿದೆ. ಯಾಕೆ ಎಂದು ಅವನು ಕೇಳಿದಾಗ ನಾನು ಹೇಳಲಿಲ್ಲ.

ನವೆಂಬರ್‌ನ ಒಂದು ಭಾನುವಾರ ಚಿಕ್ಕಪ್ಪನ ಫ್ಯಾಕ್ಟರಿ ಸ್ನೇಹಿತರಿಬ್ಬರು ಬಂದರು. ಒಬ್ಬರದು ಹಿಮಾಲಯನ್ 450, ಇನ್ನೊಬ್ಬರದು ಎಕ್ಸ್‌ಪಲ್ಸ್. ಓಡಿಸಿ ನೋಡೋಣ ಎಂದು ಎಲ್ಲರೂ ನಮ್ಮೂರ ಕೆರೆ ಅಂಗಳಕ್ಕೆ ಹೋದರು. ನಾನೂ ಹೋದೆ. ಅಂಗಡಿಯನ್ನು ಅಮ್ಮನಿಗೆ ಬಿಟ್ಟು ಅಪ್ಪನೂ ಕೋಲು ಹಿಡಿದುಕೊಂಡು ನಿಧಾನವಾಗಿ ಬಂದು ಏರಿಯ ಮೇಲೆ ಕುಳಿತರು. ಅವರು ಬರುತ್ತಾರೆ ಎಂದು ಯಾರೂ ಅಂದುಕೊಂಡಿರಲಿಲ್ಲ.

ಚಿಕ್ಕಪ್ಪ ಮೊದಲು 450 ಹತ್ತಿದ. ಗಟ್ಟಿ ನೆಲದಲ್ಲಿ ಆನೆಯ ಹಾಗೆ ಹೋಯಿತು. ಶಬ್ದವೇ ಚೆಂದ. ನಾನು ಚಪ್ಪಾಳೆ ತಟ್ಟಿದೆ. ಆದರೆ ದನ ಇಳಿಯುವ ದಾರಿಯ ಹತ್ತಿರ ಮಳೆಯ ಕೆಸರು ಇನ್ನೂ ಆರಿರಲಿಲ್ಲ. ಅಲ್ಲಿ ನಿಧಾನ ಮಾಡಿ ಕಾಲು ಊರಲು ಹೋದ. ಅವನ ಕಾಲಿನ ಅಳತೆ ನಾನೇ ತೆಗೆದಿದ್ದೆ. ಗೋಡೆಗೆ ನಿಲ್ಲಿಸಿ, ಕಾಲುಗಳ ನಡುವೆ ಪುಸ್ತಕ ಇಟ್ಟು, ಟೇಪಿನಲ್ಲಿ ಅಳೆದರೆ 76 ಸೆಂಟಿಮೀಟರ್. ಸೀಟು 82.5. ತುದಿಗಾಲು ಮಾತ್ರ ತಾಗಿತು, ಅದೂ ಜಾರಿತು. ಬೈಕು ಮೆಲ್ಲಗೆ ವಾಲಿ ಮಲಗಿತು. ಚಿಕ್ಕಪ್ಪ ಪಕ್ಕಕ್ಕೆ ಹಾರಿಕೊಂಡ. ಅವನಿಗೆ ಏನೂ ಆಗಲಿಲ್ಲ.

ಸ್ನೇಹಿತರು ಓಡಿದರು. ಆಗ ಅಪ್ಪ ಏರಿಯ ಮೇಲಿಂದ ಜೋರಾಗಿ ಕೂಗಿದರು, “ಯಾರೂ ಮುಟ್ಬೇಡ್ರಿ! ಅವ್ನೊಬ್ನೇ ಎತ್ಲಿ!”

ಎಲ್ಲರೂ ನಿಂತುಬಿಟ್ಟರು. ಚಿಕ್ಕಪ್ಪ ಹ್ಯಾಂಡಲ್ ಹಿಡಿದು ಎಳೆದ. ಆಗಲಿಲ್ಲ. ಎರಡನೇ ಸಲವೂ ಆಗಲಿಲ್ಲ. ಮೂರನೇ ಸಲ ಅವನೇ ಕೆಸರಿನಲ್ಲಿ ಕುಸಿದು ಕುಳಿತ. ಆಗ 450ರ ಸ್ನೇಹಿತರು ಉಪಾಯ ಹೇಳಿಕೊಟ್ಟರು. ಇಂಜಿನ್ ಆಫ್ ಮಾಡಬೇಕು. ಬೈಕು ಉರುಳದಂತೆ ಮೊದಲನೇ ಗೇರಿನಲ್ಲಿರಬೇಕು. ಬಲಕ್ಕೆ ಬಿದ್ದಿದ್ದರೆ ಮೊದಲೇ ಸೈಡ್ ಸ್ಟ್ಯಾಂಡ್ ತೆಗೆದಿಡಬೇಕು, ಇಲ್ಲದಿದ್ದರೆ ಎತ್ತಿದ ಮೇಲೆ ಆ ಕಡೆಗೆ ಬೀಳುತ್ತದೆ. ಹ್ಯಾಂಡಲನ್ನು ಪೂರ್ತಿ ತಿರುಗಿಸಿ, ಬೈಕಿಗೆ ಬೆನ್ನು ಮಾಡಿ, ಸೀಟಿಗೆ ಸೊಂಟ ಒತ್ತಿ ಕೂತುಕೊಂಡು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಹಿಡಿ ಹಿಡಿದು ಕಾಲಿನ ಬಲದಿಂದ ಹಿಂದಕ್ಕೆ ಹೆಜ್ಜೆ ಇಡಬೇಕು. ಬೆನ್ನು ಬಗ್ಗಿಸಿ ಎತ್ತಬಾರದು. ಹಾಗೆ ಮಾಡಿದಾಗ ನಾಲ್ಕನೇ ಸಲ ಬೈಕು ಎದ್ದಿತು. ಚಿಕ್ಕಪ್ಪನಿಗೆ ಏದುಸಿರು ಬರುತ್ತಿತ್ತು. ಮಾತಾಡಲು ಆಗುತ್ತಿರಲಿಲ್ಲ.

ಅಪ್ಪ ಹತ್ತಿರ ಬಂದು ಕೇಳಿದರು, “ಇನ್ನೊಂದ್ಸಲ ಬಿದ್ರೆ ಎತ್ತಕ್ಕಾಗ್ತೈತಾ?”

ಚಿಕ್ಕಪ್ಪ ತಲೆ ತಗ್ಗಿಸಿ “ಇಲ್ಲಣ್ಣ” ಅಂದ.

“ಲಡಾಖ್‌ನಾಗೆ ಗಾಳಿನೇ ಕಮ್ಮಿ ಅಂತೀಯ. ಗಾಡಿ ಮೇಲೆ ಬ್ಯಾಗು ಬೇರೆ ಇರ್ತೈತೆ. ಅಲ್ಲಿ ಹಾಲಿನ ವ್ಯಾನು ಬರಲ್ಲ ಕಣಪ್ಪ.”

ಅಪ್ಪ ಆ ರಾತ್ರಿಯ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಯಾರೂ ಏನೂ ಮಾತಾಡಲಿಲ್ಲ. ಆಮೇಲೆ ಎಕ್ಸ್‌ಪಲ್ಸ್‌ನ ಸ್ನೇಹಿತರು ತಾವೇ ತಮ್ಮ ಬೈಕನ್ನು ಅದೇ ಕೆಸರಿನಲ್ಲಿ ಮೆಲ್ಲಗೆ ಮಲಗಿಸಿದರು. ಚಿಕ್ಕಪ್ಪ ಎತ್ತಿದ. ಮತ್ತೆ ಮಲಗಿಸಿದರು. ಮತ್ತೆ ಎತ್ತಿದ. ಮೂರನೇ ಸಲವೂ ಎತ್ತಿದ. ಅದರ ಸೀಟೂ 82.5 ಸೆಂಟಿಮೀಟರ್ರೇ, ಅದರ ಮೇಲೂ ಅವನ ತುದಿಗಾಲೇ ತಾಗುತ್ತಿತ್ತು. ಆದರೆ ವಾಲಿದಾಗ ಹಿಡಿದು ನಿಲ್ಲಿಸಿಕೊಳ್ಳಲು ಆಗುತ್ತಿತ್ತು.

ಮನೆಗೆ ಬಂದು ನಾನು ನೋಟ್‌ಬುಕ್ ತೆಗೆದು 196ರಲ್ಲಿ 159 ಕಳೆದೆ. 37 ಬಂತು. ಶಾಲೆಯ ಆರೋಗ್ಯ ತಪಾಸಣೆಯಲ್ಲಿ ನನ್ನ ತೂಕ 37 ಕೆ.ಜಿ. ಅಂತ ಬರೆದಿದ್ದರು. ಅಂದರೆ ಎರಡು ಬೈಕಿಗೂ ಇರುವ ವ್ಯತ್ಯಾಸ ನಾನೇ! ದೊಡ್ಡ ಬೈಕು ಬಿದ್ದಾಗಲೆಲ್ಲ ಚಿಕ್ಕಪ್ಪ ಅದರ ಜೊತೆಗೆ ನನ್ನನ್ನೂ ಎತ್ತಬೇಕು. ಇದನ್ನು ಹೇಳಿದಾಗ ಅಮ್ಮನಿಗೂ ನಗು ಬಂತು. ಎಷ್ಟೋ ದಿನದ ಮೇಲೆ ಬೈಕಿನ ವಿಷಯದಲ್ಲಿ ಅಮ್ಮ ನಕ್ಕಿದ್ದು.

ಆದರೆ ನನಗೆ ಒಳಗೆ ದುಃಖವಾಗಿತ್ತು. ಶಾಲೆಯಲ್ಲಿ ಏನು ಹೇಳಲಿ ಎಂದು. ರಾತ್ರಿ ಚಿಕ್ಕಪ್ಪನಿಗೆ ಸುಳ್ಳಿನ ಸಂಗತಿ ಹೇಳಿ ಅತ್ತುಬಿಟ್ಟೆ. ಅವನು ಬೈಯಲಿಲ್ಲ. ಫೋನಿನಲ್ಲಿ ಒಂದು ವಿಡಿಯೊ ತೋರಿಸಿದ. ಮರಳುಗಾಡಿನಲ್ಲಿ ಬೈಕು ಓಡಿಸುವ ಡಕಾರ್ ರ‍್ಯಾಲಿ ಎಂಬ ದೊಡ್ಡ ಸ್ಪರ್ಧೆಯದು. ನಮ್ಮ ಸಿ.ಎಸ್. ಸಂತೋಷ್ 2015ರಲ್ಲಿ ಅದನ್ನು ಪೂರ್ತಿ ಮಾಡಿದರು, 36ನೇ ಸ್ಥಾನ ಬಂತು. ಪೂರ್ತಿ ಮಾಡಿದ ಮೊದಲ ಭಾರತೀಯ ಅವರೇ. ಉಡುಪಿಯ ಅರವಿಂದ್ ಕೆ.ಪಿ. 2019ರಲ್ಲಿ ಪೂರ್ತಿ ಮಾಡಿ 37ನೇ ಸ್ಥಾನ ಪಡೆದರು. “ಅಲ್ಲಿ ಬೀಳ್ದೇ ಇರೋರು ಯಾರೂ ಇಲ್ಲ ಪುಟ್ಟಿ. ಬಿದ್ದೋರು ಎದ್ದು ಗಾಡಿ ಎತ್ಕೊಂಡು ಹೋಗ್ಬೇಕು. ನೀನೂ ಹಂಗೇ ಎದ್ದು, ಹೋಗಿ ನಿಜ ಹೇಳು” ಅಂದ.

ಡಿಸೆಂಬರ್‌ನಲ್ಲಿ ಸೆಕೆಂಡ್ ಹ್ಯಾಂಡ್ ಎಕ್ಸ್‌ಪಲ್ಸ್ ಒಂದು ಸಿಕ್ಕಿತು. ಹಳೇ ಬೈಕು ನೋಡುವುದೂ ಒಂದು ವಿದ್ಯೆ. ಅಪ್ಪನೇ ಮುಂದೆ ನಿಂತು ನೋಡಿದರು. ಆರ್.ಸಿ. ಪುಸ್ತಕದ ನಂಬರು, ಚಾಸಿಸ್ ನಂಬರು, ಇಂಜಿನ್ ನಂಬರು ತಾಳೆ ಆಗಬೇಕು. ಬ್ಯಾಂಕಿನ ಸಾಲ ಇದ್ದರೆ ತೀರಿದ ಪತ್ರ ಬೇಕು. ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಬೇಕು, ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಅನುಮಾನ ಪಡಬೇಕು. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ಅಲ್ಲಾಡಿಸಿ ಸಡಿಲ ಇದೆಯಾ ನೋಡಬೇಕು. ಅಪ್ಪ ಸ್ಪ್ಯಾನರಿನಿಂದ ಒಂದೊಂದೇ ಕಡ್ಡಿ ತಟ್ಟಿ ಕಿವಿಗೊಟ್ಟು ಕೇಳಿದರು. ಬಿಗಿಯಾದ ಕಡ್ಡಿ ಟಿಣ್ ಅನ್ನುತ್ತದೆ, ಸಡಿಲವಾದದ್ದು ಮಂದವಾಗಿ ಟಕ್ ಅನ್ನುತ್ತದೆ. ಎರಡು ಕಡ್ಡಿ ಸಡಿಲ ಇದ್ದವು. ಅದನ್ನು ತೋರಿಸಿ ಬೆಲೆ ಇಳಿಸಿದರು.

ಲೆಕ್ಕ ಹೀಗಿದೆ. ಬೈಕಿಗೆ 1,05,000. ಹೆಲ್ಮೆಟ್ಟು, ಕೈಗವಸು, ಬೂಟು, ಮೊಣಕಾಲಿನ ರಕ್ಷೆ, ಪಂಕ್ಚರ್ ಸಾಮಾನು, ಹೊಸ ಟೈರು ಸೇರಿ 20,000. ಅಪ್ಪನ ಕಾಲಿನ ಆಪರೇಷನ್‌ಗೆ ಅಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಮಾಡಿದ್ದ ಸಾಲದಲ್ಲಿ ಉಳಿದಿದ್ದ 40,000 ರೂಪಾಯಿಯನ್ನು ಚಿಕ್ಕಪ್ಪ ಕಟ್ಟಿಬಿಟ್ಟ. ಅಮ್ಮ ಬೇಡ ಅಂದರೂ ಕೇಳಲಿಲ್ಲ. ಉಳಿದ 35,000 ಪ್ರಯಾಣಕ್ಕೆ. ಒಟ್ಟು ಎರಡು ಲಕ್ಷ. ಒಂದು ರೂಪಾಯಿಯೂ ಸಾಲವಿಲ್ಲ.

ನಾನು ಒಂದೇ ಕಡೆ ಹೇಳಬಾರದು. ಚಿಕ್ಕ ಬೈಕಿಗೂ ಕೊರತೆ ಇದೆ. ಹೆದ್ದಾರಿಯಲ್ಲಿ 450ರ ಹಾಗೆ ಸಲೀಸಾಗಿ ಓಡುವುದಿಲ್ಲ. ಗಂಟೆಗೆ 80 ದಾಟಿಸಿ ತುಂಬಾ ಹೊತ್ತು ಓಡಿಸಿದರೆ ಇಂಜಿನ್ ಕಿರುಚುತ್ತದೆ ಎಂದು ಚಿಕ್ಕಪ್ಪ ಹೇಳುತ್ತಾನೆ. ಉದ್ದ ಕಾಲಿನವರು, ಬಲಶಾಲಿಗಳು, ಹೆದ್ದಾರಿಯಲ್ಲೇ ಹೆಚ್ಚು ಹೋಗುವವರು ದೊಡ್ಡದನ್ನು ಕೊಂಡರೆ ತಪ್ಪಿಲ್ಲ. ಇದಕ್ಕೆ ಅಪ್ಪ ಹೇಳಿದ್ದು, “ಎರಡು ದಿನ ತಡವಾಗ್ ಹೋಗು. ಆದ್ರೆ ವಾಪಸ್ ಬಾ.”

ಬೈಕು ಬಂದ ದಿನ ಅಮ್ಮ ನಿಂಬೆಹಣ್ಣು ಕಟ್ಟಿ, ಕುಂಕುಮ ಇಟ್ಟು ಪೂಜೆ ಮಾಡಿದಳು. ನಾನು ಸೀಟಿನ ಮೇಲೆ ಕುಳಿತೆ ಅಷ್ಟೆ, ಓಡಿಸಲಿಲ್ಲ. ಹದಿನೆಂಟು ವರ್ಷ ತುಂಬಿ ಲೈಸೆನ್ಸ್ ಆಗುವ ಮುಂಚೆ ನಾವ್ಯಾರೂ ಓಡಿಸಬಾರದು. 2019ರಲ್ಲಿ ತಿದ್ದಿದ ಕಾನೂನಿನ ಪ್ರಕಾರ ಮಕ್ಕಳು ಓಡಿಸಿದರೆ ಮನೆಯವರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು.

ಚಿಕ್ಕಪ್ಪ ಲಡಾಖಿಗೆ ಇನ್ನೂ ಹೋಗಿಲ್ಲ. ಬರುವ ಜೂನ್ ಎಂದಿದ್ದಾನೆ. ಮೊದಲ ಸವಾರಿ ಆನೇಕಲ್ ಹತ್ತಿರದ ಮುತ್ಯಾಲ ಮಡುವಿಗೆ ಅಂತ ತೀರ್ಮಾನವಾಗಿತ್ತು. ಹೊರಡುವ ಹೊತ್ತಿಗೆ ಅಪ್ಪ ಅಂಗಡಿಯಿಂದ ಎದ್ದು ಬಂದು, “ಹಿಂದ್ಗಡೆ ಸೀಟು ಖಾಲಿ ಐತಲ್ಲ, ನಾನೂ ಬರ್ಲಾ?” ಅಂದರು. ಚಿಕ್ಕಪ್ಪ ತನ್ನ ಹಳೇ ಹೆಲ್ಮೆಟ್ ತಂದು ಅಪ್ಪನಿಗೆ ಹಾಕಿ, ಪಟ್ಟಿ ಬಿಗಿದ. ರಾಡು ಹಾಕಿದ ಕಾಲನ್ನು ಎತ್ತಿ ದಾಟಿಸಲು ನಾನು ಹಿಡಿದುಕೊಂಡೆ. ಅವರು ಹೋಗಿ ಬರುವವರೆಗೂ ಅಮ್ಮ ಅಂಗಡಿಯ ಬಾಗಿಲಲ್ಲೇ ಕುಳಿತಿದ್ದಳು. ಸಂಜೆ ನಾಲ್ಕೂವರೆಗೆ ಬೈಕಿನ ಶಬ್ದ ಕೇಳಿತು. ಅಮ್ಮ ಎದ್ದು ಒಳಗೆ ಹೋಗಿ ಟೀಗೆ ನೀರಿಟ್ಟಳು.

ಗೆಳೆಯರೇ, ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ನಮಗೆಲ್ಲ ಗೊತ್ತು. ದೂರದ ದಾರಿಗೆ ಬೈಕು ಆರಿಸುವವರು ಸಿಸಿ ಎಷ್ಟು, ಸ್ಪೀಡ್ ಎಷ್ಟು ಎಂದು ಕೇಳುತ್ತಾರೆ. ಬಿದ್ದಾಗ ನನ್ನಿಂದ ಎತ್ತಲು ಆಗುತ್ತದೆಯೇ ಎಂದು ಮೊದಲು ಕೇಳಿಕೊಳ್ಳಬೇಕು ಎಂಬುದನ್ನು ನಾನು ನಮ್ಮಪ್ಪನಿಂದ ಕಲಿತೆ.

ನಾನು ಸುಳ್ಳು ಹೇಳಿದ್ದಕ್ಕೆ ನಿಮ್ಮೆಲ್ಲರಲ್ಲಿ ಕ್ಷಮೆ ಕೇಳುತ್ತೇನೆ. ನಮ್ಮ ಮನೆಯಲ್ಲಿರುವುದು ಫೋರ್ ಫಿಫ್ಟಿ ಅಲ್ಲ, ಟೂ ಹಂಡ್ರೆಡ್. ಅದೂ ಸೆಕೆಂಡ್ ಹ್ಯಾಂಡ್. ನೋಡಬೇಕಾದವರು ಭಾನುವಾರ ಬನ್ನಿ, ಚಿಕ್ಕಪ್ಪ ತೋರಿಸುತ್ತಾನೆ. ನನ್ನನ್ನು ಅಡ್ಡಹೆಸರಿನಿಂದ ಕರೆಯಲೇಬೇಕು ಎಂದಿದ್ದರೆ ಇನ್ನು ಮೇಲೆ ‘ಮೂವತ್ತೇಳು ಕೆ.ಜಿ.’ ಎಂದು ಕರೆಯಿರಿ. ಅದಾದರೂ ನಿಜ.

ಇಂತಿ ನಿಮ್ಮ ಗೆಳತಿ,
7ನೇ ತರಗತಿ